ಎರೆ ಭೂಮಿಯಲ್ಲಿ ಮೆಕ್ಕೆಜೋಳದ ರಸಮೇವು: ಗುಂಡಿ ಬಿಟ್ಟೆ, ಗೋಡೆ ಕಟ್ಟಿದೆ

ನಮ್ಮದು ಭಾಲ್ಕಿ ತಾಲೂಕು, ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಆರು ಎಮ್ಮೆ, ಎರಡು ದೇವಣಿ ಹಸು. ಸೋಯಾ, ತೊಗರಿ, ಕಬ್ಬು ಎಲ್ಲರ ಹೊಲದಲ್ಲೂ ಇರುತ್ತದೆ. ಏಪ್ರಿಲ್ ಬಂತೆಂದರೆ ಮೇವಿಗೆ ಮಾತ್ರ ಎಲ್ಲರದೂ ಪರದಾಟ. ಬಿಳಿಜೋಳ ಬಿತ್ತುವವರು ಕಡಿಮೆಯಾದಂತೆ ಕಣಿಕೆ (ಜೋಳದ ಒಣ ದಂಟು) ರೇಟು ಕೇಳುವ ಹಾಗೇ ಇಲ್ಲ. ಒಂದು ಎಕರೆ ಮೆಕ್ಕೆಜೋಳವನ್ನು ತೆನೆ ಸಮೇತ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಹುಳಿ ಬರಿಸಿ ಇಡುವ ರಸಮೇವು (ಸೈಲೇಜ್) ಮಾಡುತ್ತೇನೆ ಅಂದಾಗ ಪಕ್ಕದ ಹೊಲದ ಕಾಕಾ ನಕ್ಕರು. "ಎಮ್ಮಿಗಿ ಉಪ್ಪಿನಕಾಯಿ ಹಾಕ್ಲತ್ತಿ ಏನ್ ತಮ್ಮಾ?" ಕಾಳು ಮಾರುವುದು ಬಿಟ್ಟು ತೆನೆಯನ್ನೇ ದನಕ್ಕೆ ಹಾಕುವವನು ಹುಚ್ಚ ಅಂತ ಮನೆಯಲ್ಲೂ ಮಾತು ಬಂತು. ಈಗ ಬೇಸಿಗೆಯಲ್ಲಿ ಮೇವು ಕೊಳ್ಳುವುದೇ ನಿಂತಿದೆ. ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಹೇಳುವ ಹಾಗೆ ಗುಂಡಿ ತೋಡಿಸಿದೆ. ಜೆಸಿಬಿ, ಪ್ಲಾಸ್ಟಿಕ್ ಹಾಳೆ, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದಷ್ಟು ಹೋಯಿತು. ತುಂಬಿದ್ದು ಸೆಪ್ಟೆಂಬರ್‌ನಲ್ಲಿ. ಮಳೆ ಬಿಡಲೇ ಇಲ್ಲ, ಗುಂಡಿಯ ತಳಕ್ಕೆ ನೀರು ಇಳಿಯಿತು. ತೆಗೆದು ನೋಡಿದರೆ ಕೆಳಗಿನ ಎರಡು ಅಡಿ ಬರೀ ಕಪ್ಪು ರಾಡಿ, ಮೂಗು ಮುಚ್ಚಿಕೊಳ್ಳಬೇಕು. ಮುಂದಿನ ಸಲ ಮಳೆಯ ಸಹವಾಸವೇ ಬೇಡ ಅಂತ ಬೇಸಿಗೆಗೆ ಮುಂಚೆ ತುಂಬಿದೆ. ಆಗ ಉಲ್ಟಾ ಆಯಿತು. ಬಿಸಿಲಿಗೆ ನಮ್ಮ ನೆಲ ಹೇಗೆ ಬಿರಿಯುತ್ತದೆ ಗೊತ್ತಲ್ಲ, ಕೈ ತೂರುವಷ್ಟು ಬಿರುಕು. ಗುಂಡಿಯ ಗೋಡೆ ಸೀಳಿ ಹಾಳೆ ಹರಿಯಿತು, ಗಾಳಿ ಹೊಕ್ಕಿತು. ಅಂಚಿಗೆಲ್ಲ ಬಿಳಿ ಬೂಷ್ಟು. ಅರ್ಧಕ್ಕರ್ಧ ತಿಪ್ಪೆ ಪಾಲು. ನಡುವೆ ಚೀಲದಲ್ಲೂ ತುಂಬಿ ನೋಡಿದೆ, ಇಲಿಗಳು ಬಿಡಲಿಲ್ಲ. ಬೀದರ್ ಕಡೆಯ ಕೆಂಪು ಕಲ್ಲಿನ ನೆಲದಲ್ಲಿ ಗುಂಡಿ ನಡೆದೀತು. ಎರೆಯಲ್ಲಿ ಅದು ದುಡ್ಡು ಹೂಳಿದ ಹಾಗೆ.

ಆಮೇಲೆ ನೆಲದ ಮೇಲೆಯೇ ಕಟ್ಟಿಸಿದೆ. ಮೊರಂ (ಗರಸು ಮಣ್ಣು) ಹಾಕಿ ಎತ್ತರಿಸಿ, ಮೂರು ಕಡೆ ಇಟ್ಟಿಗೆ ಗೋಡೆ, ಒಂದು ಕಡೆ ಬಯಲು. ಉದ್ದ 20 ಅಡಿ, ಅಗಲ 8, ಎತ್ತರ 5. ನಲವತ್ತು ಸಾವಿರ ದಾಟಿತು, ಆದರೆ ಒಮ್ಮೆ ಹಾಕಿದ ದುಡ್ಡು. ತಳ ಬಯಲಿನ ಕಡೆಗೆ ಸ್ವಲ್ಪ ಇಳಿಜಾರು ಇರಲಿ, ರಸ ಹರಿದು ಹೋಗಬೇಕು. ಹನ್ನೆರಡು ಟನ್ ಹತ್ತಿರ ಹಿಡಿಯುತ್ತದೆ.

ನವೆಂಬರ್‌ನಲ್ಲಿ ಬಾವಿ ನೀರಿಗೆ ಬಿತ್ತಿ ಫೆಬ್ರವರಿ ಕೊನೆಗೆ ಕೊಯ್ಯುತ್ತೇನೆ. ಆಫ್ರಿಕನ್ ಟಾಲ್ ಅನ್ನೋ ಮೇವಿನ ಮೆಕ್ಕೆಜೋಳದ ತಳಿ ಹಸಿ ಮೇವಿಗೆ ಚಲೋ, ಆದರೆ ನನ್ನ ಹೊಲದಲ್ಲಿ ಗಾಳಿಗೆ ಮಲಗಿತು. ರಸಮೇವಿಗೆ ತೆನೆ ದಪ್ಪ ಬರುವ ಕಾಳಿನ ಹೈಬ್ರಿಡ್ಡೇ ಸರಿ. ಶಕ್ತಿ ಇರುವುದು ಕಾಳಲ್ಲಿ. ಸೈನಿಕ ಹುಳು ಸುಳಿಗೆ ಬಿದ್ದರೆ ಬೆಳೆ ಇನ್ನೂ ಚಿಕ್ಕದಿರುವಾಗಲೇ ಔಷಧಿ ಹೊಡೆದು ಮುಗಿಸಿ. ಕೊಯ್ಲು ಹತ್ತಿರ ಇಟ್ಟುಕೊಂಡು ಔಷಧಿ ಹೊಡೆದ ಮೇವು ಹಾಲಿನ ದನಕ್ಕೆ ಬೇಡ.

ಕೊಯ್ಯುವ ಹೊತ್ತು ತಿಳಿಯಲು ತೆನೆ ನಡುವೆ ಮುರಿದು ಕಾಳು ನೋಡಿ. ಒಂದೊಂದು ಕಾಳಿನ ಮೇಲಿನ ಅರ್ಧ ಹಿಟ್ಟಾಗಿ, ಬುಡದ ಅರ್ಧ ಇನ್ನೂ ಹಾಲಾಗಿ ಇರಬೇಕು. ಕುಟ್ಟಿ ಮಷಿನ್‌ನಲ್ಲಿ ಅರ್ಧದಿಂದ ಮುಕ್ಕಾಲು ಇಂಚಿಗೆ ಕತ್ತರಿಸಿ, ಒಂದು ಹಿಡಿ ತೆಗೆದು ಗಟ್ಟಿಯಾಗಿ ಉಂಡೆ ಒತ್ತಿ. ರಸ ಬೆರಳ ಸಂದಿಯಲ್ಲಿ ತೊಟ್ಟಿಕ್ಕಿದರೆ ಇನ್ನೂ ಹಸಿ. ಕೈ ಬಿಟ್ಟ ತಕ್ಷಣ ಉದುರಿದರೆ ಒಣಗಿಹೋಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಬರೀ ತೇವ ಅನ್ನಿಸಿದರೆ ಅದೇ ಹದ.

ಅರ್ಧ ಅಡಿ ಹರಡುವುದು, ಟ್ರ್ಯಾಕ್ಟರ್ ಹಿಂದೆ ಮುಂದೆ ಓಡಿಸುವುದು, ಮತ್ತೆ ಹರಡುವುದು. ಗೋಡೆಯ ಅಂಚಿಗೆ ಗಾಲಿ ಹೋಗದ ಕಡೆ ಕಾಲಲ್ಲೇ ತುಳಿಯಬೇಕು. ಬೂಷ್ಟು ಶುರುವಾಗುವುದೇ ಅಲ್ಲಿ. ಡೀಸೆಲ್ ಉಳಿಸಲು ಹೋಗಬೇಡಿ. ಒಂದೇ ದಿನದಲ್ಲಿ ತುಂಬಿ, ಹಾಳೆ ಹೊದಿಸಿ, ಮೇಲೆ ಹಳೆ ಟೈರು ಮತ್ತು ಮಣ್ಣಿನ ಚೀಲ ಹೇರಿ. ಬೆಲ್ಲದ ನೀರು ಹಾಕಬೇಕು ಅನ್ನುತ್ತಾರೆ. ಮೆಕ್ಕೆಜೋಳದಲ್ಲೇ ಸಿಹಿ ಸಾಕಷ್ಟಿದೆ, ಸುಮ್ನೆ ಖರ್ಚು. ನಾನು ಮಜ್ಜಿಗೆ ಚಿಮುಕಿಸುತ್ತೇನೆ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. 45 ದಿನ ಮುಟ್ಟಬೇಡಿ.

ತೆಗೆದಾಗ ಹಳದಿ ಹಸಿರು ಬಣ್ಣ, ಹುಳಿ ಮೊಸರಿನ ವಾಸನೆ. ದೇವಣಿಗಳು ಮೊದಮೊದಲು ಮೂಸಿ ಮುಖ ತಿರುಗಿಸಿದವು. ಹಿಂಡಿ ಉದುರಿಸಿ ಕೊಟ್ಟೆ, ಆಮೇಲೆ ಗೋದಲಿ ನೆಕ್ಕತೊಡಗಿದವು. ಮೂರ್ನಾಲ್ಕು ಕಿಲೋದಿಂದ ಶುರು ಮಾಡಿ ಎಮ್ಮೆಗೆ 15 ಕಿಲೋವರೆಗೆ ಏರಿಸಿ, ಜೊತೆಗೆ ಒಣ ಹೊಟ್ಟು ಇರಲೇಬೇಕು. ಹಾಲು ಕರೆದ ಮೇಲೆಯೇ ಹಾಕಿ, ಇಲ್ಲದಿದ್ದರೆ ಹಾಲಿಗೆ ವಾಸನೆ ಹತ್ತುತ್ತದೆ. ಡೇರಿಯಲ್ಲಿ ಕ್ಯಾನು ವಾಪಸು ಮಾಡಿಸಿಕೊಂಡವರು ನಮ್ಮೂರಲ್ಲೇ ಇದ್ದಾರೆ.

ಲೆಕ್ಕ ಹೇಳುತ್ತೇನೆ. ಬೀಜ, ಗೊಬ್ಬರ, ಕಳೆ, ಕೊಯ್ಲು, ಕುಟ್ಟಿ, ಟ್ರ್ಯಾಕ್ಟರ್ ಎಲ್ಲ ಸೇರಿ ಎಕರೆಗೆ ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ. ಕಿಲೋಗೆ ಎರಡೂಕಾಲು ರೂಪಾಯಿ ಆಸುಪಾಸು ಬೀಳುತ್ತದೆ. ಚೀಲದ ರಸಮೇವು ಹೊರಗೆ ಕೊಂಡರೆ ಆರಕ್ಕಿಂತ ಕಡಿಮೆ ಇಲ್ಲ. ಇನ್ನು ಕಾಳು ಮಾರಿದ್ದರೆ? 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಕಾಗದದ ಮೇಲೆ. ಅಡತಿಯಲ್ಲಿ ಆ ಬೆಲೆ ಸಿಕ್ಕವರು ಯಾರಾದರೂ ಇದ್ದರೆ ಹೇಳಿ, ಬಂದು ನೋಡುತ್ತೇನೆ. ಹಾಲು ಎಮ್ಮೆಗೆ ಒಂದು ಲೀಟರ್ ಏರಿತು ಅನ್ನಲಾರೆ. ಬೇಸಿಗೆಯಲ್ಲಿ ಇಳಿಯುತ್ತಿದ್ದದ್ದು ನಿಂತಿತು, ನನಗೆ ಅಷ್ಟೇ ಸಾಕು.

ಬದುವಿನ ಒಂದೆರಡು ಸಾಲು ಕಾಳಿಗೆ ಬಿಟ್ಟಿದ್ದೆ, ಅದರದೂ ಒಂದು ಕಥೆ ಇದೆ. ಮೆಕ್ಕೆಜೋಳ ಮೆಕ್ಸಿಕೋದ್ದು. ಟಿಯೊಸಿಂಟೆ ಅನ್ನೋ ಕಾಡು ಹುಲ್ಲನ್ನು ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಆರಿಸಿ ಆರಿಸಿ ಬೆಳೆ ಮಾಡಿಕೊಂಡರು. ಅವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಾರೆ. ನಾವೂ ಎಲೆಗೆ ಹಚ್ಚುವ ಸುಣ್ಣ, ಕಿಲೋ ಕಾಳಿಗೆ ಎರಡು ಚಮಚದಷ್ಟು ಹಾಕಿ ಬೇಯಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ಚೆನ್ನಾಗಿ ತೊಳೆದೆವು. ಸಿಪ್ಪೆ ಜಾರಿ ಬಂತು. ರುಬ್ಬಿದ ಹಿಟ್ಟು ಬಿರಿಯಲಿಲ್ಲ, ರೊಟ್ಟಿ ಅಂಚಿನವರೆಗೂ ದುಂಡಗೆ ಬಂತು. ಮನೆಯವಳು ತಿಂದು, "ಬಿಳಿಜೋಳದ ಮುಂದ ಇದೇನ್ರಿ" ಅಂದಳು.

ಈ ಸಲ ರಸಮೇವಿಗೆ ಹಸಿ ಸೋಯಾ ಗಿಡ ಬೆರೆಸುತ್ತಿದ್ದೇನೆ, ಹಿಂಡಿ ಖರ್ಚು ಇಳಿಯಲಿ ಅಂತ. ಮೊದಲು ಡ್ರಮ್ಮಿನಲ್ಲಿ ತುಂಬಿ ನೋಡಿದೆ. ನಾಲ್ಕು ಪಾಲು ಮೆಕ್ಕೆಜೋಳಕ್ಕೆ ಒಂದು ಪಾಲು ಸೋಯಾ ಹಾಕಿದ್ದು ಚೆನ್ನಾಗಿ ಬಂತು. ಅರ್ಧಕ್ಕರ್ಧ ಹಾಕಿದ್ದು ನಾರಿತು.