ದಾಸವಾಳಕ್ಕೆ ಬೂದಿ, ಕೇಪಳಕ್ಕೆ ದರಕು

ನಮ್ಮ ಶಿರಸಿ ಸೀಮೆಯಲ್ಲಿ ದಾಸವಾಳವನ್ನೂ ಕೇಪಳವನ್ನೂ (ಗೊಂಚಲು ಹೂವಿನ ಇಕ್ಸೋರಾ) ಅಂಗಳದಂಚಿಗೆ ಒಂದೇ ಸಾಲಿನಲ್ಲಿ ನೆಡುವುದು ರೂಢಿ. ಬೆಳಿಗ್ಗೆ ಪೂಜೆಗೆ ಹೂವು ಕೊಯ್ಯಲು ಅನುಕೂಲ, ಬೇರೇನೂ ಕಾರಣವಿಲ್ಲ. ಗಿಡಗಳಿಗೆ ಮಾತ್ರ ಈ ಜೋಡಿ ಹೊಂದುವುದಿಲ್ಲ. ದಾಸವಾಳ ಬೆಂಡೆ, ಹತ್ತಿಯ ಬಳಗದ್ದು; ಹೊಟ್ಟೆಬಾಕ, ನೀರು ಗೊಬ್ಬರ ಎಷ್ಟಿದ್ದರೂ ಬೇಕು. ಕೇಪಳ ಕಾಫಿಯ ಬಳಗದ್ದು. ಜಂಬಿಟ್ಟಿಗೆ ಗುಡ್ಡದ ಹುಳಿ ಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದ ಗಿಡ ಅದು. ಒಂದಕ್ಕೆ ಮಾಡಿದ ಉಪಚಾರ ಇನ್ನೊಂದಕ್ಕೆ ಅಪಚಾರವಾಗುವುದು ಇಲ್ಲಿಯೇ.

ಬಚ್ಚಲೊಲೆಯ ಬೂದಿಯನ್ನೇ ನೋಡಿ. ಅದರಲ್ಲಿ ಪೊಟ್ಯಾಷ್ ಇದೆ, ದಾಸವಾಳಕ್ಕೆ ಹೂವು ಬರಲು ಅದು ಬೇಕು. ದೊಡ್ಡ ಗಿಡವೊಂದಕ್ಕೆ ತಿಂಗಳಿಗೆ ಒಂದು ಹಿಡಿ ಬೂದಿಯನ್ನು ಬುಡದಿಂದ ಒಂದಡಿ ದೂರಕ್ಕೆ ಉದುರಿಸಿ, ಮಣ್ಣು ಕೆದಕಿ ನೀರು ಕೊಡುತ್ತೇನೆ. ಅದೇ ಬೂದಿ ಕೇಪಳದ ಬುಡಕ್ಕೆ ನಾಲ್ಕಾರು ತಿಂಗಳು ಬಿತ್ತೋ, ಮಣ್ಣಿನ ಹುಳಿ ಇಳಿದು ಚಿಗುರೆಲೆ ಹಳದಿಯಾಗುತ್ತದೆ. ಸೋಪು ಬೆರೆತ ಬಚ್ಚಲ ನೀರಿನದ್ದೂ ಇದೇ ಕಥೆ. ದಾಸವಾಳ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಕೇಪಳ ತಡೆಯುವುದಿಲ್ಲ.

ಈ ಹಳದಿ ರೋಗವನ್ನು ಗುರುತಿಸುವುದು ಸುಲಭ. ಹೊಸ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳು ಮಾತ್ರ ಹಸಿರಾಗಿದ್ದು ನಡುವಿನ ಭಾಗ ನಿಂಬೆ ಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಎಲೆಗಳು ಕಡುಹಸಿರಾಗಿಯೇ ಇರುತ್ತವೆ. ಮೇಲಿನ ಎಲೆ ಹೀಗಾದರೆ ಕಬ್ಬಿಣದ ಕೊರತೆ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗುತ್ತ ಬಂದರೆ ಸಾರಜನಕ ಸಾಲದು ಎಂದು. ಕಬ್ಬಿಣದ ಕೊರತೆ ಎಂದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ಮ ಕೆಂಪು ಮಣ್ಣಿನ ತುಂಬ ಅದೇ ಇದೆ. ಸುಣ್ಣದ ಅಂಶ ಸೇರಿ ಬೇರಿಗೆ ದಕ್ಕದಂತಾಗಿರುತ್ತದೆ. ಹೊಸದಾಗಿ ಕಟ್ಟಿದ ಕಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟ ಕೇಪಳ ಸೊರಗುವುದು ಇದಕ್ಕೇ. ಗಾರೆ ಕಲಸಿದ ಜಾಗ, ಪ್ಲಾಸ್ಟರಿನ ಚೂರು, ಸುಣ್ಣ ಬಳಿದಾಗ ಸುರಿದ ನೀರು ಎಲ್ಲವೂ ಅಲ್ಲಿಯೇ ಇರುತ್ತವೆ. ಕಾರವಾರದ ಕಡಲಂಚಿನ ಮರಳಿನಲ್ಲಿ ಚಿಪ್ಪಿನ ಚೂರು ಬೆರೆತಿದ್ದರೂ ಇದೇ ಫಲ.

ತಾತ್ಕಾಲಿಕ ಉಪಾಯ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಜೊತೆಗೆ ಅರ್ಧ ನಿಂಬೆಹಣ್ಣಿನ ರಸ. ಆಗಲೇ ಕಲಸಿ, ಸಂಜೆ ಹೊತ್ತಿಗೆ ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು. ಇಟ್ಟರೆ ದ್ರಾವಣ ಕಂದಾಗುತ್ತದೆ, ಆಮೇಲೆ ಪ್ರಯೋಜನವಿಲ್ಲ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಸಾಕು. ಗೋಡೆಗೆ, ಅಂಗಳದ ಟೈಲ್ಸಿಗೆ ತಾಗದ ಹಾಗೆ ಗೋಣಿ ಮುಚ್ಚಿಕೊಳ್ಳಿ, ತುಕ್ಕಿನ ಕಲೆ ಬಿದ್ದರೆ ತಿಕ್ಕಿದರೂ ಹೋಗದು. ಇಷ್ಟಾದರೂ ಮಣ್ಣು ಬದಲಾಗದೆ ಮುಂದಿನ ಚಿಗುರು ಮತ್ತೆ ಹಳದಿಯೇ. ಗೋಡೆಯಿಂದ ಎರಡೂವರೆ ಅಡಿ ಈಚೆಗೆ ಒಂದೂವರೆ ಅಡಿಯ ಹೊಂಡ ತೆಗೆದು, ಗುಡ್ಡದ ಕೆಂಪು ಮಣ್ಣು ಎರಡು ಪಾಲು, ಕೊಳೆತ ದರಕು (ಉದುರಿದ ಒಣ ಎಲೆ) ಒಂದು ಪಾಲು ತುಂಬಿ ನೆಟ್ಟರೆ ಈ ತಂಟೆಯೇ ಇಲ್ಲ. ಬುಡಕ್ಕೆ ವರ್ಷಕ್ಕೆ ಎರಡು ಸಲ ನಾಲ್ಕು ಇಂಚು ದಪ್ಪಕ್ಕೆ ದರಕು ಹೊದೆಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಮಳೆಗಾಲದಲ್ಲಿ ಸಿಪ್ಪೆ ಕೊಳೆಯುತ್ತದೆ. ಕೇಪಳಕ್ಕೆ ಇದಕ್ಕಿಂತ ಹೆಚ್ಚಿನ ಗೊಬ್ಬರ ಕೊಡುವ ಅಗತ್ಯ ನನಗೆ ಕಂಡಿಲ್ಲ.

ದಾಸವಾಳಕ್ಕೆ ಹೊಂಡ ಅಷ್ಟೇ, ತುಂಬುವುದು ಬೇರೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಮೇಲ್ಮಣ್ಣು, ಮಣ್ಣು ಅಂಟಾಗಿದ್ದರೆ ಹೊಳೆ ಮರಳು. ಆಮೇಲೆ ವರ್ಷಕ್ಕೆರಡು ಸಲ ಮೂರು ನಾಲ್ಕು ಕಿಲೊ ಗೊಬ್ಬರ. ಎಲೆ ಅಂಗೈ ಅಗಲ, ಹೂವು ಮಾತ್ರ ಇಲ್ಲ ಎಂದು ದೂರುವವರ ಗಿಡಕ್ಕೆ ಸಾಮಾನ್ಯವಾಗಿ ಯೂರಿಯಾವೋ ಕಡಲೆ ಹಿಂಡಿಯೋ ಜಾಸ್ತಿ ಬಿದ್ದಿರುತ್ತದೆ, ಇಲ್ಲವೇ ಅದು ಅಡಿಕೆ ಮರದ ನೆರಳಿನಲ್ಲಿರುತ್ತದೆ. ಆರು ಗಂಟೆ ಬಿಸಿಲು ಬೇಕೇ ಬೇಕು. ಕೇಪಳಕ್ಕೆ ನಾಲ್ಕು ಗಂಟೆಯ ಬೆಳಗಿನ ಬಿಸಿಲಾದರೂ ನಡೆಯುತ್ತದೆ.

ಬೇಸಿಗೆಯಲ್ಲಿ ಬಲಿತ ದಾಸವಾಳಕ್ಕೆ ದಿನ ಬಿಟ್ಟು ದಿನ ಒಂದು ಕೊಡ ನೀರು. ನಾಲ್ಕು ದಿನ ಮರೆತು ಐದನೆಯ ದಿನ ಎರಡು ಕೊಡ ಸುರಿದರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಉದುರಿದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡುವುದು ಒಳ್ಳೆಯದು. ಒಳಗೆ ಸಣ್ಣ ಹುಳ ಹರಿದಾಡುತ್ತಿದ್ದರೆ ಅದು ನೀರಿನ ದೋಷವಲ್ಲ, ಬಿದ್ದ ಮೊಗ್ಗುಗಳನ್ನೆಲ್ಲ ದಿನವೂ ಆರಿಸಿ ಸುಡಬೇಕು. ಕೇಪಳಕ್ಕೆ ಮೊದಲ ವರ್ಷ ವಾರಕ್ಕೆರಡು ಸಲ, ಬೇರು ಇಳಿದ ಮೇಲೆ ವಾರಕ್ಕೊಂದು ಸಲ ನೀರು ಸಾಕು.

ಬೆಂಡೆಯ ನಂಟಿನಿಂದಾಗಿ ಬೆಂಡೆ ಸಾಲಿನ ಹಿಟ್ಟು ತಿಗಣೆ ದಾಸವಾಳಕ್ಕೂ ಹತ್ತುತ್ತದೆ. ಚಿಗುರು ಮುದುಡಿ ಬಿಳಿ ಹಿಟ್ಟು ಕಟ್ಟಿದ್ದರೆ ಆ ತುದಿಯನ್ನು ಕತ್ತರಿಸಿ ಒಲೆಗೆ ಹಾಕಿ. ಉಳಿದದ್ದನ್ನು ಪೈಪಿನ ನೀರಿನಿಂದ ಜೋರಾಗಿ ತೊಳೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಚೂರು ಸೋಪಿನ ನೀರಲ್ಲಿ ಕದಡಿ ಎಲೆಯಡಿಗೆ ಹೊಡೆಯಬೇಕು. ಇರುವೆ ಸಾಲು ಇರುವ ತನಕ ತಿಗಣೆ ಹೋಗುವುದಿಲ್ಲ. ಅದರ ಸಿಹಿ ಸ್ರಾವಕ್ಕಾಗಿ ಇರುವೆಗಳೇ ಅದನ್ನು ಸಾಕುತ್ತವೆ.

ಗಿಡ ಮಾಡುವ ವಿಷಯದಲ್ಲಿ ದಾಸವಾಳದಷ್ಟು ಸಲೀಸು ಇನ್ನೊಂದಿಲ್ಲ. ಮೃಗಶಿರ ಮಳೆ ಹಿಡಿದಾಗ ಪೆನ್ಸಿಲ್ ದಪ್ಪದ, ಏಳೆಂಟು ಇಂಚಿನ ಹೆರೆ (ರೆಂಬೆ) ಕಡಿದು, ಎರಡು ಎಲೆ ಮಾತ್ರ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಿ, ಮೇಲ್ತುದಿಗೆ ಸಗಣಿ ಮೆತ್ತಿ ಊರಿದರೆ ತಿಂಗಳಲ್ಲಿ ಬೇರು. ನರ್ಸರಿಯ ದೊಡ್ಡ ಹೂವಿನ ಹೈಬ್ರಿಡ್‌ಗಳು ನಮ್ಮ ಮಳೆಗೆ ಬೇರು ಕೊಳೆತು ಹೋಗುವುದೇ ಹೆಚ್ಚು. ಊರಿನ ಐದೆಸಳಿನ ಕೆಂಪು, ಹೆಚ್ಚೆಂದರೆ ಮುದ್ದೆ ದಾಸವಾಳ, ಇವನ್ನೇ ನಂಬಬಹುದು. ಕೇಪಳದ ಹೆರೆ ಹಟಮಾರಿ. ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಐದಿಂಚಿನ ತುಂಡನ್ನು ಮರಳು, ತೆಂಗಿನ ನಾರಿನ ಪುಡಿ ಸಮಪಾಲಿನಲ್ಲಿ ಊರಿ ಪ್ಲಾಸ್ಟಿಕ್ ಹೊದೆಸಿದರೂ ಆರೆಂಟು ವಾರ ಬೇಕು, ಅರ್ಧ ಸಾಯುತ್ತವೆ. ಗೂಟಿ ಕಟ್ಟುವುದು, ಅಂದರೆ ಗಿಡದಲ್ಲಿರುವ ಹೆರೆಯ ಸಿಪ್ಪೆ ಸುಲಿದು ಅಲ್ಲಿಯೇ ಬೇರು ಬರಿಸುವುದು, ವಾಸಿ. ಗುಡ್ಡದಿಂದ ಕಿತ್ತು ತರುವುದಂತೂ ಬೇಡ. ತಾಯಿಬೇರು ಜಂಬಿಟ್ಟಿಗೆ ಸಂದಿಯಲ್ಲಿ ತುಂಡಾಗಿ, ಮನೆಗೆ ಬರುವುದು ಸಾಯುವ ಗಿಡವೇ. ಎರಡನ್ನೂ ನೆಲಕ್ಕೆ ಇಳಿಸುವುದು ಮಘೆ, ಹುಬ್ಬೆ ಮಳೆಯ ಹೊತ್ತಿಗೆ. ಆರಿದ್ರದ ಮಳೆಗೆ ನೆಟ್ಟರೆ ಹೊಂಡವೇ ಕೆರೆಯಾಗುತ್ತದೆ.

ಕತ್ತರಿಸುವಾಗ ದಾಸವಾಳದಲ್ಲಿ ಹೂವು ಹೊಸ ಚಿಗುರಿಗೇ ಬರುತ್ತದೆಂಬುದು ನೆನಪಿರಲಿ. ಮಳೆ ಬಿಟ್ಟ ಮೇಲೆ ಮೂರರಲ್ಲಿ ಒಂದು ಪಾಲು ಹೆರೆಗಳನ್ನು ಮೊಣಕಾಲೆತ್ತರಕ್ಕೆ ಕಡಿದು, ಮೂರು ವಾರ ಬಿಟ್ಟು ಮುಂದಿನ ಪಾಲು, ಹೀಗೆ ಸರದಿಯಲ್ಲಿ ಮಾಡಿದರೆ ಪೂಜೆಗೆ ಹೂವು ತಪ್ಪುವುದಿಲ್ಲ. ಕೇಪಳದ ಗೊಂಚಲು ಬರುವುದು ಹೆರೆಯ ತುದಿಗೆ. ಬೇಲಿ ನೇರವಾಗಿರಲೆಂದು ತಿಂಗಳಿಗೊಮ್ಮೆ ಕತ್ತರಿ ಆಡಿಸುವವರು ಹೂವನ್ನೇ ಕತ್ತರಿಸುತ್ತಿರುತ್ತಾರೆ. ಬೇಸಿಗೆಯ ಹೂವು ಮುಗಿದು ಮೊದಲ ಮಳೆ ಬಿದ್ದಾಗ ಒಂದೇ ಸಲ ಸವರಿದರೆ ಆಯಿತು. ಬೇಲಿಗೆ ಕೇಪಳ ಎರಡಡಿಗೊಂದು, ದಾಸವಾಳ ನಾಲ್ಕಡಿಗೊಂದು. ಕಾರವಾರದ ಟಾಗೋರ್ ಕಡಲತೀರದಂಥ ಕಡೆ ಉಪ್ಪುಗಾಳಿ ನೇರವಾಗಿ ಹೊಡೆಯುವಲ್ಲಿ ಎರಡೂ ಬೇಡ, ಎಲೆಯಂಚು ಸುಡುತ್ತದೆ. ಗೋಡೆಯ ಅಥವಾ ಗಾಳಿಮರದ ಮರೆ ಇದ್ದರೆ ನೆಡಬಹುದು.

ಉಪಯೋಗ ನೋಡಿದರೆ ದಾಸವಾಳದ ಹೂವಿನ ಆಯುಷ್ಯ ಒಂದೇ ಹಗಲು. ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಕೊಯ್ದಿಟ್ಟರೂ ಬೆಳಗಿಗೆ ಅರಳುತ್ತದೆ, ದೂರದ ದೇವಸ್ಥಾನಕ್ಕೆ ಒಯ್ಯುವವರಿಗೆ ಇದು ಅನುಕೂಲ. ತಲೆಗೆ ಹಚ್ಚುವ ಗೊಂಪಿಗೆ (ಎಲೆಯ ಲೋಳೆ ರಸಕ್ಕೆ) ಇಪ್ಪತ್ತು ಎಲೆ ಅರ್ಧ ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಚೂರುಗಳು ಕೂದಲಿನಿಂದ ಬಿಡುವುದಿಲ್ಲ. ಕೇಪಳದ ಗೊಂಚಲು ಗಿಡದಲ್ಲಿ ವಾರಗಟ್ಟಲೆ ಇರುತ್ತದೆ. ಒಂದು ಹಿಡಿ ಹೂವನ್ನು ತೊಟ್ಟಿನ ಹಸಿರು ತೆಗೆದು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಕಾಲು ಭಾಗ ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ನರ್ಸರಿಯಿಂದ ತಂದ ಗಿಡದ್ದಾದರೆ ಮೊದಲ ಆರು ತಿಂಗಳ ಹೂವನ್ನು ಅಡುಗೆಗೆ ಬಳಸಬೇಡಿ, ಅಲ್ಲಿ ಏನು ಹೊಡೆದಿದ್ದಾರೋ.