ಹಗಲು ಕಡಲು, ರಾತ್ರಿ ಹಳ್ಳಿ: ಸ್ಪೇನ್ ತೀರದಲ್ಲಿ ಮನೆಗಾಡಿಯ 28 ದಿನ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರು ಯಾರನ್ನು ಕೇಳಿದರೂ ಒಂದೇ ಮಾತು. "ಅಪ್ಪ ಅಮ್ಮನ್ನ ಕರ್ಕೊಂಡು ಮೋಟರ್‌ಹೋಮಾ? ತಲೆ ಕೆಟ್ಟಿದೆಯಾ? ಸುಮ್ನೆ ಮಾಲಗಕ್ಕೆ ಫ್ಲೈಟ್ ಹತ್ತಿಸಿ ಒಂದು ಅಪಾರ್ಟ್‌ಮೆಂಟ್ ಹಿಡಿ." ಅವರು ಹಾಗೆ ಹೇಳೋದಕ್ಕೆ ಕಾರಣವೂ ಇತ್ತು. 2022ರಲ್ಲಿ ನಾನೂ ನನ್ನ ಹೆಂಡತಿಯೂ ಇದೇ ತೀರಕ್ಕೆ ಹೋಗಿ ಮಾನ ಕಳೆದುಕೊಂಡು ಬಂದ ಕಥೆ ಎಲ್ಲರಿಗೂ ಗೊತ್ತಿತ್ತು.

ಆ ಕಥೆ ಮೊದಲು ಹೇಳಿಬಿಡ್ತೀನಿ. ಆಗಸ್ಟ್ ತಿಂಗಳು, ಸ್ಪೇನ್‌ನ ಈಶಾನ್ಯದ ಕೋಸ್ಟಾ ಬ್ರಾವಾ ತೀರ. ಬೀಚ್ ಪಕ್ಕದ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ, ಆನಿಂಗ್ (ಗಾಡಿಯ ಪಕ್ಕಕ್ಕೆ ಚಾಚುವ ನೆರಳಿನ ಬಟ್ಟೆ) ಎಳೆದು, ಎರಡು ಕುರ್ಚಿ ಹಾಕಿಕೊಂಡು ರಾಜನ ಹಾಗೆ ಕೂತಿದ್ದೆ. ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. ಸ್ಪೇನ್‌ನಲ್ಲಿ ಲೆಕ್ಕ ಸರಳ. ಪಾರ್ಕಿಂಗ್ ಇರುವ ಜಾಗದಲ್ಲಿ ಗಾಡಿಯ ನಾಲ್ಕು ಚಕ್ರ ಮಾತ್ರ ನೆಲಕ್ಕೆ ತಾಗಿದ್ದು, ಹೊರಗೆ ಏನೂ ಚಾಚಿರದೆ, ಒಂದು ಹನಿ ನೀರೂ ಸುರಿಯದೆ ಇದ್ದರೆ ಅದು ಪಾರ್ಕಿಂಗ್. ಒಳಗೆ ನೀವು ಮಲಗಿದ್ದೀರೋ ಎದ್ದಿದ್ದೀರೋ ಅವರಿಗೆ ಬೇಡ. ಆನಿಂಗ್ ಎಳೆದರೆ, ಕುರ್ಚಿ ಹಾಕಿದರೆ, ಗಾಡಿ ಅಲುಗದ ಹಾಗೆ ಊರುವ ಕಬ್ಬಿಣದ ಕಾಲು ಇಳಿಸಿದರೆ ಅದು ಕ್ಯಾಂಪಿಂಗ್. ತೀರದ ಉದ್ದಕ್ಕೂ 1988ರ ಕರಾವಳಿ ಕಾಯ್ದೆ ಬೇರೆ ಇದೆ. ಇನ್ನೂರು ಯೂರೋ ದಂಡ. ಇಪ್ಪತ್ತು ದಿನದೊಳಗೆ ಕಟ್ಟಿದರೆ ಅರ್ಧ ಮಾಫಿ ಅಂದರು, ಅವತ್ತೇ ಕಟ್ಟಿದೆ.

ಎರಡನೇ ದಿನ ಕ್ಯಾಂಪ್‌ಸೈಟ್ ಒಳಗೆ ಪೈನ್ ಮರದ ಕೊಂಬೆ ಚಾವಣಿಯ ಕಿಟಕಿ ಮುರಿಯಿತು. 380 ಯೂರೋ. ಗಾಡಿ ವಾಪಸ್ ಕೊಡುವಾಗ ಬಾಡಿಗೆಯವನು ಒಳಗೆ ಮೂಗು ತೂರಿಸಿ "ಏನೋ ವಾಸನೆ" ಅಂತ 90 ಯೂರೋ ಕ್ಲೀನಿಂಗ್ ಹಿಡಿದುಕೊಂಡ. ಒಗ್ಗರಣೆ ವಾಸನೆ ಕುಶನ್ ಬಟ್ಟೆಗೆ ಹತ್ತಿದರೆ ಮುಗೀತು, ಹೋಗೋದೇ ಇಲ್ಲ.

2024ರಲ್ಲಿ ಅಪ್ಪ ಅಮ್ಮ ಹರಿಹರದ ಹತ್ತಿರದ ನಮ್ಮೂರಿಂದ 90 ದಿನದ ವೀಸಾದಲ್ಲಿ ಬಂದಾಗ ಮತ್ತೆ ಹೊರಟೆ. ಸೆಪ್ಟೆಂಬರ್ 27ಕ್ಕೆ ಬಿಟ್ಟು ಅಕ್ಟೋಬರ್ 25ಕ್ಕೆ ವಾಪಸ್. ಈ ಸಲ ಲೆಕ್ಕಾಚಾರವನ್ನೇ ತಿರುಗಿಸಿದೆ: ಹಗಲು ಕಡಲಲ್ಲಿ, ರಾತ್ರಿ ಕಡಲಿಗೆ ಬೆನ್ನು ಹಾಕಿ. ಬೆಳಿಗ್ಗೆ ಹತ್ತಕ್ಕೆ ಬೀಚಿಗೆ ಇಳಿಯೋದು, ಸಂಜೆ ಐದಕ್ಕೆ ಗಾಡಿ ತಿರುಗಿಸಿ ಹನ್ನೆರಡರಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಯಾವುದಾದರೂ ಹಳ್ಳಿಗೆ ಹೋಗೋದು. ತೀರದ ಊರುಗಳಿಗೆ ನಮ್ಮಂಥವರು ಬೇಡ. ಎರಡು ಮೀಟರ್‌ಗೆ ಕಬ್ಬಿಣದ ಅಡ್ಡಪಟ್ಟಿ ಹಾಕಿರ್ತಾರೆ, ನಮ್ಮ ಗಾಡಿ ಎತ್ತರ 2.9. ಒಳಗಿನ ಹಳ್ಳಿಗಳ ಕಥೆ ಉಲ್ಟಾ. ಅಲ್ಲಿ ಜನ ಕಡಿಮೆ ಆಗಿದ್ದಾರೆ. ಪಂಚಾಯ್ತಿಯವರೇ ಐದಾರು ಗಾಡಿಗೆ ಜಾಗ ಮಾಡಿ, ಒಂದು ನಲ್ಲಿ, ಕೊಳಕು ನೀರು ಬಿಡೋದಕ್ಕೆ ಒಂದು ಮೋರಿ ಕೊಟ್ಟಿರ್ತಾರೆ. ಕೆಲವು ಬಿಟ್ಟಿ, ಕೆಲವು ಐದರಿಂದ ಹತ್ತು ಯೂರೋ. ಅವರ ಆಸೆ ಇಷ್ಟೇ, ನೀವು ಅವರ ಬಾರಿನಲ್ಲಿ ಒಂದು ಕಾಫಿ ಕುಡೀಬೇಕು, ಬ್ರೆಡ್ ಕೊಳ್ಳಬೇಕು. ಅಷ್ಟೂ ಮಾಡದೆ ನೀರು ತುಂಬಿಕೊಂಡು ಹೋಗುವವರನ್ನ ಕಂಡರೆ ನನಗೇ ಸಿಟ್ಟು ಬರುತ್ತೆ.

ಯಾವ ಹಳ್ಳಿ ಅಂತ ಕೇಳಬೇಡಿ, ಹೇಳಲ್ಲ. ಹೇಳಿದರೆ ಮುಂದಿನ ವರ್ಷ ನನಗೇ ಜಾಗ ಇರಲ್ಲ. ಆ್ಯಪ್‌ಗಳಲ್ಲಿ ಹುಡುಕಿದರೆ ಸಿಗುತ್ತೆ. ಆದರೆ ನಾನು ಆ್ಯಪ್‌ನಲ್ಲಿ ಮೊದಲು ನೋಡೋದು ಏನನ್ನ ಅನ್ನೋದು ನನ್ನ ಗುಟ್ಟು.

ಎರಡು ರಾತ್ರಿ ಹಳ್ಳಿ, ಮೂರನೇ ರಾತ್ರಿ ಕ್ಯಾಂಪ್‌ಸೈಟ್. ಇದನ್ನ ಬಿಡಬಾರದು. ಮೂರನೇ ದಿನಕ್ಕೆ ಟಾಯ್ಲೆಟ್‌ನ ಕ್ಯಾಸೆಟ್ ಡಬ್ಬಿ ತುಂಬಿರುತ್ತೆ, ಬಟ್ಟೆ ಒಗೀಬೇಕು, ಅಮ್ಮನಿಗೆ ನಿಜವಾದ ಬಿಸಿನೀರಿನ ಸ್ನಾನ ಬೇಕು. ಆಫ್ ಸೀಸನ್ ಡಿಸ್ಕೌಂಟ್ ಕಾರ್ಡ್ ಇಟ್ಟುಕೊಂಡಿದ್ದೆ. ಆದರೆ ಆ ರೇಟು ಇಬ್ಬರಿಗೆ ಮಾತ್ರ, ಉಳಿದಿಬ್ಬರಿಗೆ ಬೇರೆ ಕಟ್ಟಬೇಕು. ನಾಲ್ವರಿಗೆ ಮೂವತ್ತರ ಆಸುಪಾಸು ಆಗ್ತಿತ್ತು.

ಕ್ಯಾಂಪ್‌ಸೈಟ್‌ನ ರಿಸೆಪ್ಷನ್‌ನಲ್ಲಿ ಪ್ರತಿ ಸಲವೂ ಒಂದು ನಾಟಕ. ಎಲ್ಲರ ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಳ್ಳೋದು ಅಲ್ಲಿನ ಕಾನೂನು, 2024ರ ಡಿಸೆಂಬರ್‌ನಿಂದ ಇನ್ನೂ ಬಿಗಿಯಾಗಿದೆ. ಸ್ಪೇನಿನವರಿಗೆ ಎರಡೆರಡು ಮನೆತನದ ಹೆಸರು. ಅವರ ಕಂಪ್ಯೂಟರ್ ಎರಡು ಖಾನೆ ತೆರೆದು ಕಾಯುತ್ತೆ. ನಮ್ಮಪ್ಪನ ಪಾಸ್‌ಪೋರ್ಟ್‌ನಲ್ಲಿ ಒಂದೂ ಇಲ್ಲ! ಸರ್‌ನೇಮ್ ಜಾಗ ಖಾಲಿ. ಹುಡುಗಿ ಪಾಸ್‌ಪೋರ್ಟ್ ತಿರುಗಿಸಿ ಮುರುಗಿಸಿ ನೋಡ್ತಾಳೆ, ಅಪ್ಪ "ಊರಿನ ಹೆಸರು ಹಾಕ್ಕೋಮ್ಮ" ಅಂತ ಕನ್ನಡದಲ್ಲೇ ಹೇಳ್ತಾರೆ. ಮೂರನೇ ಕ್ಯಾಂಪ್‌ಸೈಟ್‌ನಿಂದ ನಾನೇ ಒಂದು ಚೀಟಿಯಲ್ಲಿ ಏನು ಟೈಪ್ ಮಾಡಬೇಕು ಅಂತ ಬರೆದು ಇಟ್ಟುಕೊಂಡೆ.

ಹೊರಡುವ ಮೊದಲು ತೂಕದ ಗಲಾಟೆ. ನನ್ನದು ಸಾದಾ ಕಾರಿನ ಬಿ ಲೈಸೆನ್ಸ್, ಗಾಡಿ 3,500 ಕಿಲೋ ಮೀರುವ ಹಾಗಿಲ್ಲ. ಅಮ್ಮ ಹತ್ತು ಕಿಲೋ ಸೋನಾ ಮಸೂರಿ, ಐದು ಕಿಲೋ ರಾಗಿ ಹಿಟ್ಟು, ತೊಗರಿಬೇಳೆ, ಅದರ ಮೇಲೆ ನನ್ನ ಹೆಂಡತಿಯ ವೆಟ್ ಗ್ರೈಂಡರ್ ಎಲ್ಲ ತುಂಬಿದ್ದರು. ಗುಜರಿ ಅಂಗಡಿಯ ತಕ್ಕಡಿಯಲ್ಲಿ ನಿಲ್ಲಿಸಿದರೆ 3,560. ಎರಡು ಸೈಕಲ್ ಇಳಿಸಿದೆ, ಸ್ಟ್ಯಾಂಡ್ ಸೇರಿ 45 ಕಿಲೋ ಹೋಯ್ತು. ಅವುಗಳ ಹಿಂದೆ ಕಟ್ಟಲೇಬೇಕು ಅಂತ ಹಿಂದಿನ ಸಲ ಕೊಂಡಿದ್ದ ಕೆಂಪು ಬಿಳಿ ಪಟ್ಟೆಯ ಬೋರ್ಡೂ ವ್ಯರ್ಥವಾಯ್ತು. ನೂರು ಲೀಟರ್ ನೀರಿನ ಟ್ಯಾಂಕ್‌ನಲ್ಲಿ ಮೂವತ್ತೇ ಲೀಟರ್ ಇಟ್ಟೆ. ಗ್ರೈಂಡರ್ ಇಳಿಸೋದಕ್ಕೆ ಅಮ್ಮ ಒಪ್ಪಲಿಲ್ಲ. ಹೆಂಡತಿ ಒಪ್ಪಿಸಿದಳು, ಹೇಗೆ ಅಂತ ನಾನು ಕೇಳಲಿಲ್ಲ.

ಮ್ಯುಲೂಜ್, ಲಿಯಾನ್, ಪೆರ್ಪಿನ್ಯಾ ಮೂಲಕ ಹೋದೆವು. ಫ್ರಾನ್ಸ್‌ನಲ್ಲಿ ಎರಡು ಮೀಟರ್‌ಗಿಂತ ಎತ್ತರದ ಗಾಡಿಗೆ ಎರಡನೇ ಕ್ಲಾಸಿನ ಟೋಲ್, ಒಂದು ಕಡೆಗೇ ನೂರು ಯೂರೋ ಮೇಲೆ ಹೋಯ್ತು. ಸ್ಪೇನ್ ಗಡಿಯಿಂದ ಅಲಿಕಾಂಟೆವರೆಗೆ ಎಪಿ-7 ಹೆದ್ದಾರಿ ಈಗ ಬಿಟ್ಟಿ, ಗಡಿ ಕಡೆಯ ತುಂಡಿನ ಟೋಲ್ 2021ರಲ್ಲಿ ತೆಗೆದರು. ಬಾರ್ಸಿಲೋನಾ ಒಳಗೆ ಹೋಗಲೇ ಇಲ್ಲ. ಹೊಗೆ ಕಡಿಮೆ ಬಿಡುವ ಗಾಡಿಗಳಿಗೆ ಮಾತ್ರ ಅಂತ ಅಲ್ಲಿ ಮಾಡಿರುವ ವಲಯಕ್ಕೆ ಹೊರದೇಶದ ಗಾಡಿ ಮೊದಲೇ ನೋಂದಾಯಿಸಬೇಕು, ಅಷ್ಟು ತಾಳ್ಮೆ ನನಗಿಲ್ಲ. ಹೆದ್ದಾರಿಯಲ್ಲಿ ಪಕ್ಕದ ಕಾರಿನವನೊಬ್ಬ ನಮ್ಮ ಹಿಂದಿನ ಟೈರ್ ತೋರಿಸಿ ಕೈ ಆಡಿಸಿದ. ಅಪ್ಪ "ಪಂಚರ್ ಆಗಿದೆ ಕಣೋ, ನಿಲ್ಲಿಸು" ಅಂದರು. ನಿಲ್ಲಿಸಲಿಲ್ಲ. ಒಬ್ಬ ಟೈರ್ ತೋರಿಸುವಾಗ ಇನ್ನೊಬ್ಬ ಬ್ಯಾಗ್ ಎತ್ತುವ ಆಟ ಅದು. ಹತ್ತು ಕಿಲೋಮೀಟರ್ ಆದ ಮೇಲೆ ಜನ ಇರುವ ಪೆಟ್ರೋಲ್ ಬಂಕ್‌ನಲ್ಲಿ ನೋಡಿದರೆ ಟೈರ್ ಕಲ್ಲಿನ ಹಾಗಿತ್ತು.

ಎಬ್ರೋ ನದಿ ಕಡಲು ಸೇರುವ ಜಾಗದಲ್ಲಿ ಒಂದು ದಿನ ಅಂತ ಇದ್ದದ್ದು ಮೂರು ದಿನ ಆಯ್ತು. ಕಾರಣ ಅಪ್ಪ. ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ, ಕೊಯ್ಲು ನಡೆಯುತ್ತಿತ್ತು. ನದಿಯ ಎರಡೂ ಕಡೆ ಒಂದೊಂದು ಕಾಲುವೆ. "ನಮ್ಮ ಭದ್ರಾ ಎಡದಂಡೆ ಬಲದಂಡೆ ಇದ್ದಂಗೇ ಇದೆಯಲ್ಲೋ" ಅಂತ ಅಪ್ಪ ಚಪ್ಪಲಿ ಬಿಟ್ಟು ಬದುವಿಗೆ ಇಳಿದರು. ಕಟಾವು ಮಷಿನ್‌ನವನನ್ನ ಕೈಸನ್ನೆಯಲ್ಲೇ ಕೇಳಿ ಒಂದು ತೆನೆ ಕಿತ್ತುಕೊಂಡರು. ಅಂಗೈಯಲ್ಲಿ ಹಾಕಿ ಹೆಬ್ಬೆರಳಲ್ಲಿ ಉಜ್ಜಿ, ಹೊಟ್ಟು ಊದಿ, ಒಂದು ಕಾಳು ಮುಂದಿನ ಹಲ್ಲಲ್ಲಿ ಕಡಿದರು. "ಇನ್ನೂ ಹಸಿ ಇದೆ. ನಾಲ್ಕು ದಿನ ಬಿಡಬೇಕಿತ್ತು." ಮಷಿನ್‌ನವನಿಗೆ ಏನು ಅರ್ಥ ಆಯ್ತೋ, ನಕ್ಕು ತಲೆ ಆಡಿಸಿದ. ಆಮೇಲೆ ಇಬ್ಬರೂ ಭಾಷೆ ಇಲ್ಲದೆ ಕಾಲು ಗಂಟೆ ಮಾತಾಡಿದರು.

ಅಲ್ಲಿನ ಅಕ್ಕಿ ಕೊಂಡು ಪ್ರಯೋಗ ಮಾಡಿದೆವು. ಹೆಸರುವಾಸಿ ಬೊಂಬಾ ಅಕ್ಕಿ ನೀರು ಎಷ್ಟು ಹಾಕಿದರೂ ಕುಡಿಯುತ್ತೆ, ಆದರೆ ಕಾಳು ಕಾಳಾಗೇ ನಿಲ್ಲುತ್ತೆ. ಅನ್ನ ಸಾರಿಗೆ ಪ್ರಯೋಜನವಿಲ್ಲ, ದುಡ್ಡೂ ಜಾಸ್ತಿ. ಸೂಪರ್ ಮಾರ್ಕೆಟ್‌ನ ಸಾದಾ ಗುಂಡು ಅಕ್ಕಿ ಇದೆಯಲ್ಲ, ಅದು ಮೊಸರನ್ನಕ್ಕೆ ಎತ್ತಿದ ಕೈ. ಚಿತ್ರಾನ್ನಕ್ಕೆ ಮಾತ್ರ ಊರಿನ ಸೋನಾ ಮಸೂರಿಯೇ ಬೇಕು. ವೆಲೆನ್ಸಿಯಾದ ಅಸಲಿ ಪಯೆಯಾದಲ್ಲಿ (ಅಗಲ ಬಾಣಲೆಯಲ್ಲಿ ಮಾಡುವ ಅವರ ಅನ್ನದ ಅಡುಗೆ) ಕೋಳಿ, ಮೊಲ ಹಾಕ್ತಾರೆ, ನಮಗೆ ಆಗಲ್ಲ. ಅದಕ್ಕೇ ಹಾಕುವ ಗರೊಫೊ ಅನ್ನುವ ಚಪ್ಪಟೆ ಬಿಳಿ ಕಾಳು ಮಾರುಕಟ್ಟೆಯಲ್ಲಿ ಸಿಕ್ಕಿತು. ಅಮ್ಮ ಅದನ್ನ ಅವರೆಕಾಳು ಅಂತಲೇ ನಂಬಿ ಹುಳಿ ಮಾಡಿದರು, ಅರ್ಧ ಪಾತ್ರೆ ನಾನೊಬ್ಬನೇ ಖಾಲಿ ಮಾಡಿದೆ.

ಗ್ಯಾಸ್ ವಿಷಯದಲ್ಲಿ ಎಡವಿದೆ. ಜರ್ಮನಿಯ 11 ಕಿಲೋ ಸಿಲಿಂಡರ್ ಎರಡು ಇದ್ದವು. ಒಂದು ಹನ್ನೆರಡನೇ ದಿನವೇ ಮುಗಿಯಿತು. ಬೇಳೆ, ರಾಗಿ ಮುದ್ದೆ, ದಿನಕ್ಕೆ ಆರು ಸಲ ಟೀ. ಸ್ಪೇನ್‌ನಲ್ಲಿ ಅದನ್ನ ಕೊಟ್ಟು ಬೇರೆ ತಗೊಳ್ಳೋದಕ್ಕೆ ಆಗಲ್ಲ, ಅಲ್ಲಿನ ಕಿತ್ತಳೆ ಬಣ್ಣದ ಸಿಲಿಂಡರ್‌ಗೆ ರೆಗ್ಯುಲೇಟರೇ ಬೇರೆ. ಕೊನೆಗೆ ಎಲ್ಲ ಕಡೆ ಸಿಗುವ ನೀಲಿ ಕ್ಯಾಂಪಿಂಗಾಸ್ 2.75 ಕಿಲೋದ ಒಂದು ಸಿಲಿಂಡರ್, ಅಡಾಪ್ಟರ್ ಕೊಂಡೆ. ಅದಾದ ಮೇಲೆ ನಿಯಮ ಮಾಡಿದೆ: ಹೊತ್ತು ಹಿಡಿಯುವ ಅಡುಗೆ ಎಲ್ಲ ಕ್ಯಾಂಪ್‌ಸೈಟ್ ರಾತ್ರಿ, ಅವರ ಕರೆಂಟ್‌ನಲ್ಲಿ. ಮೊದಲ ದಿನ ಇಂಡಕ್ಷನ್ 2,000 ವಾಟ್‌ಗೆ ಇಟ್ಟೆ, ಫಟ್! ಆ ಸಾಲಿನ ಕಂಬವೇ ಆರಿಹೋಯ್ತು, ಪಕ್ಕದ ಡಚ್ ಅಜ್ಜನ ಟಿವಿ ಸಮೇತ. 6 ಆಂಪಿಯರ್ ಕನೆಕ್ಷನ್, ಅಂದರೆ 1,300 ಚಿಲ್ಲರೆ ವಾಟ್ ಅಷ್ಟೇ. ಆಮೇಲೆ 1,000 ದಾಟಲಿಲ್ಲ. ಬೇಳೆ ನೆನೆಸಿಟ್ಟು ಎರಡು ಸೀಟಿ ಹೊಡೆಸಿ, ಕುಕ್ಕರನ್ನ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟರೆ ಸಾಕು, ತಾನೇ ಬೇಯುತ್ತೆ.

ಇಡ್ಲಿ ಹಿಟ್ಟಿನದು ಬೇರೆಯೇ ಸಾಹಸ. ಗ್ರೈಂಡರ್ ಇಲ್ಲ, ಇಡ್ಲಿ ರವೆ ಮತ್ತು ಮನೆಯಲ್ಲೇ ಪುಡಿ ಮಾಡಿದ ಉದ್ದು. ಮೊದಲ ಸಲ ಹುಳಿ ಬರಲಿಲ್ಲ. ಎರಡನೇ ಸಲ ಹಗಲು ಗಾಡಿ ಕುಲುಕಿ ಕುಲುಕಿ ಉಕ್ಕಿ, ಕಪಾಟಿನ ಸಂದಿಗೆಲ್ಲ ಇಳಿಯಿತು. ಮೂರನೇ ಸಲ ಗಾಡಿಯಲ್ಲೇ ಒಂದು ಬೆಚ್ಚಗಿನ ಜಾಗ ಸಿಕ್ಕಿತು. ಎಲ್ಲಿ ಅಂದರೆ, ಬೇಡ ಬಿಡಿ. ಫ್ರಿಜ್ ಹಿಂದೆ ಅಂದುಕೊಂಡಿದ್ದರೆ ತಪ್ಪು.

ಕಾಲ್ಪೆಯ ಬಂಡೆ, ಎಲ್ಚೆಯ ಖರ್ಜೂರದ ತೋಪು ಎಲ್ಲ ನೋಡಿದೆವು, ಅದೆಲ್ಲ ನಿಮಗೂ ಗೊತ್ತಿರುತ್ತೆ. ಅಲ್ಮೆರಿಯಾ ಕಡೆ ಮೈಲಿಗಟ್ಟಲೆ ಪ್ಲಾಸ್ಟಿಕ್ ಹೊದ್ದ ತರಕಾರಿ ಹೊಲ ನೋಡಿ ಅಪ್ಪ ಇಡೀ ಅರ್ಧ ದಿನ ಮಾತಾಡಲಿಲ್ಲ. ಅದು ದಾಟಿ ಮೊಟ್ರಿಲ್, ಅಲ್ಮುನ್ಯೇಕಾರ್ ಕಡೆ ಬಂದರೆ ಬೆಟ್ಟದ ಇಳಿಜಾರಿನಲ್ಲಿ ಮಾವು, ಸೀತಾಫಲ! ನಮ್ಮದೇ ಸೀತಾಫಲ ಅಲ್ಲ, ಅದರ ಹತ್ತಿರದ ಜಾತಿ, ಚಿರಿಮೊಯಾ ಅಂತಾರೆ, ಸಿಪ್ಪೆ ನುಣುಪು, ಬೀಜ ಕಡಿಮೆ. ಆ ಕಡೆ 2006ರವರೆಗೆ ಕಬ್ಬೂ ಬೆಳೆಯುತ್ತಿದ್ದರಂತೆ. ಅಮ್ಮ ಹಣ್ಣು ತಿಂದು ಬೀಜ ಟಿಶ್ಯೂನಲ್ಲಿ ಕಟ್ಟಿ ಪರ್ಸಿಗೆ ಹಾಕಿಕೊಂಡರು.

ಒಂದು ತಪ್ಪು ಮಾತ್ರ ನಗುತ್ತಾ ಹೇಳೋದಕ್ಕೆ ಆಗಲ್ಲ. ವಾಪಸ್ ಬರುವ ದಾರಿಯಲ್ಲಿ ಒಂದು ಹಳ್ಳಿಯ ಅಂಚಿನಲ್ಲಿ ಸಮತಟ್ಟಾದ ಜಲ್ಲಿ ನೆಲ ಸಿಕ್ಕಿತು. ಮರದ ನೆರಳು, ಒಬ್ಬರೂ ಇಲ್ಲ. ಖುಷಿಯಿಂದ ನಿಲ್ಲಿಸಿದೆ. ನಾಯಿ ಹಿಡಿದುಕೊಂಡು ಬಂದ ಮುದುಕರೊಬ್ಬರು ಕಿಟಕಿ ತಟ್ಟಿ "ರಾಂಬ್ಲಾ, ರಾಂಬ್ಲಾ" ಅಂದರು. ಬೆಟ್ಟದ ಕಡೆ ಕೈ ತೋರಿಸಿದರು, ಆಮೇಲೆ ಅದೇ ಕೈಯನ್ನ ತಮ್ಮ ಎದೆಯ ಮಟ್ಟಕ್ಕೆ ಇಟ್ಟು "ಆಗ್ವಾ" ಅಂದರು, ಅಂದರೆ ನೀರು. ರಾಂಬ್ಲಾ ಅಂದರೆ ಒಣಗಿದ ಹಳ್ಳ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಆದರೂ ಮೇಲಿನ ಶಾಲೆ ಪಕ್ಕಕ್ಕೆ ಗಾಡಿ ತಗೊಂಡು ಹೋದೆ. ನಾವು ಮನೆಗೆ ಬಂದು ನಾಲ್ಕೇ ದಿನ, ಅಕ್ಟೋಬರ್ 29ಕ್ಕೆ ವೆಲೆನ್ಸಿಯಾ ಕಡೆ ಪ್ರವಾಹ ಬಂತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಅಂಥದ್ದೇ ಹಳ್ಳಗಳು ಉಕ್ಕಿದ್ದು. ಒಂದರ ಮೇಲೊಂದು ಬಿದ್ದ ಕಾರುಗಳ ಚಿತ್ರ ನೋಡಿ ಅಮ್ಮ ಟಿವಿ ಆರಿಸಿದರು. ಈಗ ನೆಲ ಎಷ್ಟೇ ಚೆನ್ನಾಗಿರಲಿ, ಜಲ್ಲಿ ನೀರಲ್ಲಿ ಉರುಳಿದ ಹಾಗೆ ದುಂಡಗಿದ್ದರೆ ನಾನು ನಿಲ್ಲಿಸಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಬಾಡಿಗೆ 2,650 ಯೂರೋ (ದಿನಕ್ಕೆ 95, ಅವರು ಹೇಳಿದ್ದು 120, ಹೇಗೆ ಇಳಿಸಿದೆ ಅಂತ ಬೇರೆ ಮಾತು). ಓಡಿದ್ದು ಐದು ಸಾವಿರ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ಡೀಸೆಲ್ 520 ಲೀಟರ್, ಸುಮಾರು 780. ಟೋಲ್ 230. ರಾತ್ರಿ ತಂಗಿದ್ದು ಎಲ್ಲ ಸೇರಿ 360. ಅದರಲ್ಲಿ ಕ್ಯಾಂಪ್‌ಸೈಟ್ ಒಂಬತ್ತು ರಾತ್ರಿ. ದಿನಸಿ, ಗ್ಯಾಸ್, ಕಾಫಿ 650. ಒಟ್ಟು 4,700ರ ಹತ್ತಿರ, ನಾಲ್ಕು ಜನಕ್ಕೆ, ಆಗಿನ ರೇಟಿಗೆ ನಮ್ಮ ದುಡ್ಡಲ್ಲಿ ನಾಲ್ಕೂಕಾಲು ಲಕ್ಷ. ಅಪಾರ್ಟ್‌ಮೆಂಟ್ ಹಿಡಿ ಅಂದವರು ಆ ವರ್ಷ ಎರಡು ವಾರಕ್ಕೆ ಎಷ್ಟು ಖರ್ಚು ಮಾಡಿದರು ಅಂತ ನನಗೆ ಗೊತ್ತು, ಇಲ್ಲಿ ಬರೆದರೆ ಮನೆಗೆ ಕರೆಯಲ್ಲ.

ಗಾಡಿ ವಾಪಸ್ ಕೊಡುವ ದಿನ ಎದೆ ಡವಡವ. ಈ ಸಲ ಒಗ್ಗರಣೆ ಎಲ್ಲ ಕ್ಯಾಂಪ್‌ಸೈಟ್‌ನಲ್ಲಿ, ಗಾಡಿಯ ಹೊರಗೆ ಸಣ್ಣ ಸ್ಟೌ ಇಟ್ಟು. ಹಿಂದಿನ ಸಲದ ಅದೇ ಬಾಡಿಗೆಯವನು ಬಂದ, ಕುಶನ್ ಎತ್ತಿ ಮೂಸಿದ, ಪರದೆ ಮೂಸಿದ. ಏನೂ ಹೇಳಲಿಲ್ಲ, ಸಹಿ ಹಾಕಿದ. 1,500 ಯೂರೋ ಡೆಪಾಸಿಟ್ ಪೂರ್ತಿ ವಾಪಸ್ ಬಂತು. ಒಂದು ವಾರ ಬಿಟ್ಟು ಅವನದೇ ಫೋನ್. ಅಡುಗೆ ಕಪಾಟಿನ ಮೂಲೆಯಲ್ಲಿ ಒಂದು ಬಿಳಿ ಡಬ್ಬಿ ಸಿಕ್ಕಿದೆ, ತೆರೆದು ನೋಡಿದೆ, ಏನೋ ಸತ್ತ ಹಾಗಿದೆ, ಬಿಸಾಕಲೇ ಅಂತ. ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಿದೆ. "ಅಯ್ಯೋ, ಊರಿಂದ ತಂದ ಇಂಗು ಕಣೋ! ಹೋಗಿ ಇಸ್ಕೊಂಡು ಬಾ" ಅಂದರು. ಹೋಗಿ ಇಸ್ಕೊಂಡು ಬಂದೆ.