ಒಂಟಿತನ ಕಾಡುವಾಗ ಫೋನನ್ನು ಬಳಸಬೇಕಾದ ಬಗೆ

ದಿನವಿಡೀ ಫೋನು ಕೈಯಲ್ಲಿದ್ದರೂ ಒಂಟಿತನ ಹೋಗುತ್ತಿಲ್ಲ ಎಂದವರಿಗೆ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಫೋನನ್ನು ದೂರವಿಡಿ. ಒಂದು ವಾರ ಈ ಸಲಹೆಯನ್ನು ನಾನೂ ಪಾಲಿಸಿ ನೋಡಿದ್ದೇನೆ. ಫೋನು ಪಕ್ಕಕ್ಕಿಟ್ಟ ಮಾತ್ರಕ್ಕೆ ಯಾರೂ ಬಂದು ಬಾಗಿಲು ತಟ್ಟಲಿಲ್ಲ. ತಂತ್ರಜ್ಞಾನವು ಸಂಬಂಧಗಳಿಂದ ತೆಗೆದುಹಾಕಿದ್ದು ಬಹುಮಟ್ಟಿಗೆ ಶ್ರಮವನ್ನು. ಪತ್ರ ಬರೆಯುವ, ಸಮಯ ಹೊಂದಿಸಿಕೊಂಡು ಹೋಗಿ ಬರುವ, ಹುಟ್ಟಿದ ದಿನವನ್ನು ನೆನಪಿಟ್ಟುಕೊಳ್ಳುವ ಆ ಸಣ್ಣ ಶ್ರಮವೇ ಎದುರಿನವರಿಗೆ ‘ನೀವು ನನಗೆ ಮುಖ್ಯ’ ಎಂದು ತಿಳಿಸುತ್ತಿತ್ತು. ಆದ್ದರಿಂದ ಮುಂದೆ ಹೇಳುವ ಕ್ರಮವೆಲ್ಲ ಫೋನನ್ನು ಇಟ್ಟುಕೊಂಡೇ ಆ ಶ್ರಮದ ಒಂದು ಪಾಲನ್ನು ಮರಳಿ ತರುವುದಕ್ಕೆ ಸಂಬಂಧಿಸಿದ್ದು.

ಫೋನೇ ಎಲ್ಲಕ್ಕೂ ಕಾರಣ ಎಂಬ ತೀರ್ಮಾನ ಏಕೆ ಸಾಲದು ಎಂಬುದಕ್ಕೆ ಒಂದು ಹಳೆಯ ಅಧ್ಯಯನವಿದೆ. ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 73 ಮನೆಗಳ 169 ಮಂದಿಯನ್ನು, ಅವರಿಗೆ ಇಂಟರ್ನೆಟ್ ಹೊಸದಾಗಿ ದೊರೆತ ಮೊದಲ ಒಂದೆರಡು ವರ್ಷ ಗಮನಿಸಿ, ಹೆಚ್ಚು ಬಳಸಿದವರಲ್ಲಿ ಮನೆಯವರೊಡನೆ ಮಾತು ತುಸು ಇಳಿದು ಒಂಟಿತನ ತುಸು ಏರಿದ್ದನ್ನು 1998ರಲ್ಲಿ ಪ್ರಕಟಿಸಿದರು. ಅವರೇ 2002ರಲ್ಲಿ ಮತ್ತೆ ಬರೆದಾಗ ಆ ದುಷ್ಪರಿಣಾಮಗಳಲ್ಲಿ ಹೆಚ್ಚಿನವು ಮಾಯವಾಗಿದ್ದವು. ಹೊಸದಾಗಿ ಆರಿಸಿದ ಇನ್ನೊಂದು ಗುಂಪಿನಲ್ಲಂತೂ, ಜನರೊಡನೆ ಸುಲಭವಾಗಿ ಬೆರೆಯುವ ಸ್ವಭಾವದವರಿಗೆ ಇಂಟರ್ನೆಟ್ಟಿನಿಂದ ಒಳ್ಳೆಯದಾಗಿತ್ತು, ಅಂತರ್ಮುಖಿಗಳಿಗೆ ಕೆಡುಕಾಗಿತ್ತು. ಅಂದರೆ ಇರುವ ನಂಟನ್ನು ಈ ಸಾಧನ ಬೆಳೆಸಲೂಬಹುದು, ಇಲ್ಲದ ನಂಟಿನ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸಲೂಬಹುದು.

ಮೊದಲು ನಿಮ್ಮ ಒಂಟಿತನ ಯಾವ ಬಗೆಯದು ಎಂದು ಗುರುತಿಸಿಕೊಳ್ಳಿ. ಸಮಾಜವಿಜ್ಞಾನಿ ರಾಬರ್ಟ್ ವೈಸ್ 1973ರಲ್ಲಿ ಇದನ್ನು ಎರಡಾಗಿ ವಿಂಗಡಿಸಿದರು. ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಆಪ್ತರೂ ಇಲ್ಲದಿರುವುದು ಒಂದು. ಆಪ್ತರಿದ್ದರೂ ತಾನು ಸೇರಿದ ಒಂದು ಬಳಗವೆಂಬುದು ಇಲ್ಲದಿರುವುದು ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ ಎಂಬುದು ಅವರ ಮುಖ್ಯ ಮಾತು. ಇನ್ನೂರು ಮಂದಿಯ ವಾಟ್ಸಾಪ್ ಗುಂಪಿನಲ್ಲಿದ್ದೂ ರಾತ್ರಿ ಹತ್ತಕ್ಕೆ ಕರೆ ಮಾಡಲು ಒಂದು ಹೆಸರು ಹೊಳೆಯದಿದ್ದರೆ ನಿಮ್ಮದು ಮೊದಲನೆಯ ಬಗೆ, ಅದಕ್ಕೆ ಇನ್ನೊಂದು ಗುಂಪು ಸೇರುವುದು ಮದ್ದಾಗದು.

ಆ ಬಳಿಕ ಒಂದು ವಾರ ಲೆಕ್ಕವಿಡಿ. ಪುಸ್ತಕವೊಂದರಲ್ಲಿ ಪ್ರತಿ ರಾತ್ರಿ ಮೂರು ಸಂಗತಿ ಬರೆದರೆ ಸಾಕು: ಇಂದು ಯಾರೊಡನೆ ಸಂಪರ್ಕವಾಯಿತು, ಯಾವ ದಾರಿಯಿಂದ ಆಯಿತು, ಮುಗಿದ ಮೇಲೆ ಮನಸ್ಸು ಹೇಗಿತ್ತು. ‘ಸಂದೇಶ ಬಂತು, ಹೆಬ್ಬೆರಳಿನ ಚಿತ್ರ ಕಳಿಸಿದೆ, ಏನೂ ಅನ್ನಿಸಲಿಲ್ಲ’ ಎಂಬಷ್ಟೇ ಸಾಲು ಬಂದರೂ ಹಾಗೆಯೇ ಬರೆಯಿರಿ. ಫೋನಿನೊಳಗೇ ಇರುವ ಬಳಕೆಯ ಲೆಕ್ಕ ಗಂಟೆಗಳನ್ನು ತೋರಿಸುತ್ತದೆ. ಆ ಗಂಟೆಗಳಲ್ಲಿ ಎಷ್ಟು ಹೊತ್ತು ಇತರರ ಬದುಕನ್ನು ಸುಮ್ಮನೆ ನೋಡುತ್ತಿದ್ದಿರಿ, ಎಷ್ಟು ಹೊತ್ತು ಒಬ್ಬ ಮನುಷ್ಯರೊಡನೆ ಮಾತನಾಡಿದಿರಿ ಎಂಬುದು ಈ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ವಾರ ಮುಗಿದಾಗ, ಲೆಕ್ಕ ಬರೆಯುವುದನ್ನು ನಿಲ್ಲಿಸದೆಯೇ, ಐದು ಹೆಸರು ಆರಿಸಿ, ಅದಕ್ಕಿಂತ ಹೆಚ್ಚು ಬೇಡ. ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರ ವಾದದ ಪ್ರಕಾರ ಒಬ್ಬ ವ್ಯಕ್ತಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150. ಅದರೊಳಗೆ 50, 15, 5 ಎಂದು ಒಳವೃತ್ತಗಳಿರುತ್ತವೆ. ಈ ಸಂಖ್ಯೆಗಳ ಬಗ್ಗೆ ತಜ್ಞರಲ್ಲಿ ತಕರಾರು ಇದ್ದೇ ಇದೆ, ಆದರೆ ಗಮನವೆಂಬುದಕ್ಕೆ ಮಿತಿಯಿದೆ ಎಂಬುದನ್ನು ಒಪ್ಪಲು ಅಂಕಿಯ ಖಚಿತತೆ ಬೇಕಿಲ್ಲ. ಸಾವಿರ ಹೆಸರುಗಳಿರುವ ಸ್ನೇಹಿತರ ಪಟ್ಟಿಗೆ ಗಮನವನ್ನು ಹಂಚಿದರೆ ಐವರ ಪಾಲಿಗೆ ಉಳಿಯುವುದು ಅಷ್ಟಕ್ಕಷ್ಟೆ.

ಇನ್ನು ಮಾಡಬೇಕಾದ ಮುಖ್ಯ ಕೆಲಸವೆಂದರೆ, ಈ ಐವರಲ್ಲಿ ಪ್ರತಿಯೊಬ್ಬರೊಡನೆ ಈಗಿರುವ ಸಂಪರ್ಕವನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುವುದು. ಬರಿಯ ಲೈಕ್ ಕೊಡುತ್ತಿದ್ದವರಿಗೆ ಎರಡು ಸಾಲು ಬರೆಯಿರಿ, ಬರೆಯುತ್ತಿದ್ದವರಿಗೆ ಕರೆ ಮಾಡಿ, ಕರೆ ಮಾಡುತ್ತಿದ್ದವರನ್ನು ಹೋಗಿ ಕಾಣಿರಿ. ಒಮ್ಮೆಗೇ ಎರಡು ಮೆಟ್ಟಿಲು ಹಾರಿದರೆ ಇಬ್ಬರಿಗೂ ಮುಜುಗರವಾಗುತ್ತದೆ. ಇಲ್ಲಿ ಬಹಳ ಮಂದಿ ಎಡವುವುದು ಬರೆಯುವುದರಿಂದ ಕರೆಗೆ ಏರುವ ಹಂತದಲ್ಲಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಳೆಯ ಸ್ನೇಹಿತರೊಡನೆ ಫೋನಿನಲ್ಲಿ ಮಾತನಾಡುವುದು ಇಮೇಲಿಗಿಂತ ಹೆಚ್ಚು ಇರಿಸುಮುರುಸಾದೀತು ಎಂದು ಜನ ಮೊದಲೇ ಅಂದಾಜು ಮಾಡಿದ್ದರು. ನಿಜಕ್ಕೂ ಮಾತನಾಡಿದಾಗ ಇರಿಸುಮುರುಸು ಹೆಚ್ಚಲಿಲ್ಲ, ಆಪ್ತತೆ ಮಾತ್ರ ಹೆಚ್ಚಿತು. ದನಿಯಲ್ಲಿ ಬರುವ ತಡೆ, ನಗು, ನಿಟ್ಟುಸಿರು ಅಕ್ಷರದಲ್ಲಿ ಬರುವುದಿಲ್ಲ ಎಂಬುದನ್ನು ನಾವೆಲ್ಲ ಬಲ್ಲೆವು, ಬಲ್ಲೆವಾದರೂ ಟೈಪ್ ಮಾಡುತ್ತೇವೆ.

ಬಹುಕಾಲ ಮಾತು ಬಿಟ್ಟುಹೋದವರಿಗೆ ಕರೆ ಮಾಡುವ ಮುನ್ನ ಒಂದು ಸಂದೇಶ ಕಳಿಸುವುದು ಒಳಿತು. ಅದರಲ್ಲಿ ನೆನಪಿಗೆ ಬಂದ ಕಾರಣವನ್ನು ನಿರ್ದಿಷ್ಟವಾಗಿ ಹೇಳಿ, ಸಮಯವನ್ನೂ ಸೂಚಿಸಿ: ‘ನಾವು ಒಟ್ಟಿಗೆ ಓದುತ್ತಿದ್ದ ದಿನಗಳ ಫೋಟೊ ಸಿಕ್ಕಿತು, ಭಾನುವಾರ ಸಂಜೆ ಹತ್ತು ನಿಮಿಷ ಮಾತನಾಡಬಹುದೇ?’ ಇಷ್ಟು ಸಾಕು. ಇಷ್ಟು ದಿನ ಕರೆ ಮಾಡದ್ದಕ್ಕೆ ದೀರ್ಘವಾಗಿ ಕ್ಷಮೆ ಕೇಳುತ್ತ ಕೂರಬೇಡಿ. ಹಾಗೆ ಕೇಳಿದರೆ ಎದುರಿನವರು ನಿಮ್ಮನ್ನು ಸಮಾಧಾನಪಡಿಸುವ ಹೊಣೆ ಹೊರಬೇಕಾಗುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾತ್ರ ಬರೆಯಿರಿ, ಆಗಲೂ ಬಾರದಿದ್ದರೆ ಪಟ್ಟಿಯಲ್ಲಿ ಬೇರೆ ಹೆಸರು ಸೇರಿಸಿ. ನೀಲಿ ಗುರುತು ಮೂಡಿಯೂ ಉತ್ತರ ಬಾರದ ಹೊತ್ತಿನಲ್ಲಿ ಹುಟ್ಟುವ ಕಳವಳ 2014ಕ್ಕೆ ಮುಂಚೆ ವಾಟ್ಸಾಪ್‌ನಲ್ಲಿ ಇರಲೇ ಇಲ್ಲ, ಏಕೆಂದರೆ ಆ ಗುರುತೇ ಇರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನಿಲ್ಲಿಸಿಡಬಹುದು. ಆಗ ಇತರರು ನಿಮ್ಮ ಸಂದೇಶ ಓದಿದ್ದೂ ನಿಮಗೆ ಕಾಣುವುದಿಲ್ಲ, ಅದು ಒಂದು ಲಾಭವೇ. ಗುಂಪುಗಳಲ್ಲಿ ಮಾತ್ರ ಅದು ನಿಲ್ಲುವುದಿಲ್ಲ.

ಉಳಿದ ಸೆಟ್ಟಿಂಗ್ಸ್ ಕೆಲಸ ಅರ್ಧ ಗಂಟೆಯದು. ಮನುಷ್ಯರಿಂದ ನೇರವಾಗಿ ಬರುವ ಕರೆ, ಸಂದೇಶಗಳನ್ನು ಬಿಟ್ಟು ಮಿಕ್ಕೆಲ್ಲ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ. ಸಾಮಾಜಿಕ ಜಾಲತಾಣಗಳಿಗೆ ದಿನದ ಮಿತಿ ಹಾಕಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ತಲಾ ದಿನಕ್ಕೆ ಹತ್ತು ನಿಮಿಷಕ್ಕೆ ಸೀಮಿತಗೊಳಿಸಿದವರಲ್ಲಿ ಮೂರು ವಾರಗಳ ಬಳಿಕ ಒಂಟಿತನ ತಗ್ಗಿದ್ದು ಕಂಡುಬಂತು. ಪೂರ್ತಿ ಬಿಡಿ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಯಾರಾದರೂ ಎದುರು ಕುಳಿತಿರುವಾಗ ಫೋನನ್ನು ಮಗುಚಿ ಇಡುವುದಕ್ಕಿಂತ ಚೀಲಕ್ಕೆ ಹಾಕುವುದು ಮೇಲು.

ನಿಮಗೆ ಬೇಕಿರುವುದು ಬಳಗವಾದರೆ ಮೇಲಿನದಿಷ್ಟೇ ಸಾಲದು, ಹೊಸಬರೊಡನೆ ಗಂಟೆಗಳನ್ನು ಕಳೆಯಬೇಕಾಗುತ್ತದೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಂದಾಜಿನಂತೆ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗಟ್ಟಿ ಗೆಳೆತನವಾಗಲು 90 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಬೇಕು. ವಾರಕ್ಕೆ ಎರಡು ಗಂಟೆ ಸೇರುವ ಓದಿನ ಕೂಟವೋ ಹಾಡಿನ ತರಗತಿಯೋ ಇದ್ದರೆ ಮೊದಲ 50 ಗಂಟೆಗೇ ಸುಮಾರು ಆರು ತಿಂಗಳು ಹಿಡಿಯುತ್ತದೆ; ಮೂರನೆಯ ವಾರಕ್ಕೇ ‘ಇಲ್ಲಿ ಯಾರೂ ನನ್ನವರಾಗಲಿಲ್ಲ’ ಎಂದು ಬಿಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅಂಥ ಕೂಟವನ್ನು ಹುಡುಕಲು, ದಿನ ಗೊತ್ತುಮಾಡಲು, ಬಾರದವರನ್ನು ವಿಚಾರಿಸಲು ಫೋನಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲ.

ಮಾತಿಗೆ ಮಾತು ಕೊಡುವ ಚಾಟ್‌ಬಾಟ್‌ಗಳ ವಿಷಯ ಬೇರೆ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜನ್‌ಬಾಮ್ ವಿವರಿಸಿದ ಎಲಿಜಾ ಎಂಬ ಪ್ರೋಗ್ರಾಂ, ಎದುರಿನವರ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಮಾಡುವುದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲ. ಆದರೂ ಅವರ ಕಾರ್ಯದರ್ಶಿ ಅದರೊಡನೆ ಮಾತನಾಡುವಾಗ ಅವರನ್ನೇ ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರೆಂದು ವೈಜನ್‌ಬಾಮ್ ಬರೆದಿದ್ದಾರೆ. ಇಂದಿನವು ಅದಕ್ಕಿಂತ ಎಷ್ಟೋ ಚತುರ. ಕರೆಯಲ್ಲಿ ಏನು ಹೇಳಬೇಕೆಂದು ಅವುಗಳ ಮುಂದೆ ಅಭ್ಯಾಸ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅವುಗಳಿಗೆ ನಿಮ್ಮಿಂದ ಏನೂ ಬೇಕಿರುವುದಿಲ್ಲ. ಬೇಸರವಾದರೂ ಕೇಳಿಸಿಕೊಳ್ಳುವ, ಇನ್ನೊಬ್ಬರ ಕಷ್ಟಕ್ಕೆ ಸಮಯ ಮಾಡಿಕೊಳ್ಳುವ ರೂಢಿಯೇ ತಪ್ಪಿಹೋಗುವ ಅಪಾಯ ನನಗೆ ಅಲ್ಲಿ ಕಾಣುತ್ತದೆ. ಅವುಗಳೊಡನೆ ಆಡಿದ ಮಾತನ್ನೂ ಪುಸ್ತಕದಲ್ಲಿ ಬರೆದಿಡಿ.

ಮೂರು ವಾರಗಳಾದ ಮೇಲೆ ಮೊದಲ ವಾರದ ಪುಟವನ್ನೂ ಕಡೆಯ ವಾರದ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ, ದಾರಿಯ ಕಡೆ ‘ಕರೆ’, ‘ಭೇಟಿ’ ಎಂಬ ಪದಗಳು ಕಾಣತೊಡಗಿದ್ದರೆ, ಗಂಟೆಗಳ ಲೆಕ್ಕ ಇಳಿಯದಿದ್ದರೂ ಚಿಂತಿಸಬೇಕಿಲ್ಲ. ಸಂಪರ್ಕಗಳು ಹೆಚ್ಚಿಯೂ ಮನಸ್ಸು ಮೊದಲಿನಂತೆಯೇ ಭಾರವಾಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಒಂಟಿತನವನ್ನು ಮೀರಿದ ಖಿನ್ನತೆಯಾಗಿರಬಹುದು; ಆಗ ಮೂರು ವಾರ ಮುಗಿಯುವವರೆಗೂ ಕಾಯದೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ, ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ.